ಸುಣ್ಣವಿಲ್ಲದ ಹೂಜಿ

ಗಾಜಿನ ಕುಲುಮೆಯ ಬುಡನ್ ಸಾಹೇಬರ ಕಟ್ಟೆಯ ಮೇಲೆ ಮರಳು, ಸೋಡಾ ಪುಡಿ, ಸುಣ್ಣ ಮೂರೂ ತಮ್ಮ ತಮ್ಮ ಬುಟ್ಟಿಯಲ್ಲಿ ಕೂತು ಸರದಿ ಕಾಯುತ್ತಿದ್ದವು.

"ಗಾಜು ಅಂದರೆ ನಾನೇ," ಎಂದಿತು ಮರಳು.

"ನಿನ್ನಂಥ ಮೊಂಡನನ್ನು ಬೆಂಕಿಯಲ್ಲಿ ಕರಗಿಸುವವನು ನಾನು," ಎಂದಿತು ಸೋಡಾ. ಆಮೇಲೆ ಎರಡೂ ಸುಣ್ಣದ ಕಡೆ ತಿರುಗಿದವು. "ಗೋಡೆಗೆ ಬಳಿಸಿಕೊಳ್ಳುವವನಿಗೆ ಇಲ್ಲೇನು ಕೆಲಸ?"

ಸುಣ್ಣಕ್ಕೆ ಮೈ ಉರಿಯಿತು. ಬೇಡಿಕೊಳ್ಳುವ ಜಾಯಮಾನ ಅದರದ್ದಲ್ಲ. "ಹಾಗಾದರೆ ನಾನಿಲ್ಲದೆ ಒಂದು ಹೂಜಿಯಾಗಿ ತೋರಿಸಿ," ಎಂದು ಬುಟ್ಟಿಯಲ್ಲೇ ಉಳಿಯಿತು.

ಅವೆರಡೇ ಮೂಸೆಗೆ ಇಳಿದವು, ಕರಗಿದವು, ಹೂಜಿಯಾದವು. ಹೂಜಿ ಥಳಥಳ ಹೊಳೆಯಿತು. ತಾನೇ ಸೋತೆನೇನೋ ಎಂದುಕೊಂಡಿತು ಸುಣ್ಣ.

ಆದರೆ ಆ ಕುಲುಮೆಯಲ್ಲೊಂದು ಪದ್ಧತಿಯಿತ್ತು. ಹೊಸ ಪಾತ್ರೆ ಯಾವುದೇ ಇರಲಿ, ಎಂಟು ದಿನ ನೀರು ತುಂಬಿಕೊಂಡು ಕಟ್ಟೆಯ ಮೇಲೆ ಕೂರಬೇಕು, ಆಮೇಲೆಯೇ ಸಂತೆಗೆ. ಮೂರನೆಯ ದಿನ ಹೂಜಿಯ ಮೈ ಮಸುಕಾಯಿತು. ಐದನೆಯ ದಿನ ಅಂಟಂಟಾಯಿತು. ಎಂಟನೆಯ ದಿನ ತಳವೇ ಕರಗಿ ನೀರೆಲ್ಲ ಕಟ್ಟೆಯ ಮೇಲೆ ಹರಿಯಿತು.

"ಯಾರೂ ಒಡೆಯದೆಯೇ ಕರಗಿಹೋದೆವಲ್ಲ!" ಎಂದು ಬುಟ್ಟಿಯಲ್ಲಿ ಮಿಕ್ಕಿದ್ದ ಮರಳು ಕಂಗಾಲಾಯಿತು. "ನೀನೂ ಜೊತೆಗೆ ಬಾರಪ್ಪ."

"ಬೆಂಕಿಯೆದುರು ನೀವೇ ದೊಡ್ಡವರು, ಒಪ್ಪಿದೆ. ನೀರಿನೆದುರು ನಿಲ್ಲುವವನು ನಾನು," ಎಂದು ಸುಣ್ಣ ಎಲ್ಲರಿಗಿಂತ ಮೊದಲು ಮೂಸೆಗೆ ಹಾರಿತು.

ಈ ಸಲದ ಹೂಜಿಯೂ ಎಂಟು ದಿನ ಕೂತಿತು. ಕೊನೆಯ ದಿನ ಬುಡನ್ ಸಾಹೇಬರು ಬಗ್ಗಿ ನೋಡಿದರು. ಮರಳು ಕಾಣಲಿಲ್ಲ, ಸೋಡಾ ಕಾಣಲಿಲ್ಲ, ಸುಣ್ಣವೂ ಕಾಣಲಿಲ್ಲ. ಕಂಠದವರೆಗೆ ತುಂಬಿದ ನೀರೊಂದೇ ಕಂಡಿತು.

ಸುಣ್ಣಕ್ಕೆ ಅಷ್ಟು ಸಾಕಾಗಿತ್ತು.