ಎರಡು ಗರಿಗೆ ಬಾಯಿ ಹಾಕಿದ ಸೋಗಯ್ಯ

ಕಲ್ಲುಬಂಡೆಗಳೇ ತುಂಬಿದ್ದ ಒಂದು ಕುರುಚಲು ಕಾಡಿನಲ್ಲಿ ಕೆಂಚಿ ಎಂಬ ಮುಂಗುಸಿ ಇದ್ದಳು. ಬೇಸಿಗೆ ಬಂತೆಂದರೆ ಆ ಕಾಡಿಗೆ ನೀರಿನ ಆಸರೆ ಒಂದೇ, ಬಂಡೆಗಳ ನಡುವಿನ ದೊಣೆ. ಅದರ ಒಂದು ದಡದಲ್ಲಿ ಆಲದ ಮರದ ತಂಪು ನೆರಳು. ಇನ್ನೊಂದು ದಡದಲ್ಲಿ ಕಾದ ಹೆಂಚಿನಂಥ ಬಂಡೆ. ನೆರಳಿನ ದಡ ಯಾರಿಗೆ ಎಂಬುದನ್ನು ಪ್ರಾಣಿಗಳು ಜಗಳವಾಡಿ ತೀರ್ಮಾನಿಸುತ್ತಿರಲಿಲ್ಲ. ವರ್ಷಕ್ಕೊಮ್ಮೆ ಆಟವಾಡಿ ತೀರ್ಮಾನಿಸುತ್ತಿದ್ದವು.

ಅದರ ಹೆಸರು ಗರಿಕೋಟೆ ಆಟ. ಎರಡು ತಂಡ, ಕಲ್ಲು ಪೇರಿಸಿದ ಎರಡು ಕೋಟೆ, ನಡುವೆ ಗಡಿಯಾಗಿ ಒಂದು ಒಣಹಳ್ಳ, ಪ್ರತಿ ಕೋಟೆಯ ನೆತ್ತಿಯ ಮೇಲೆ ಒಂದು ನವಿಲುಗರಿ. ಎದುರಾಳಿಯ ಗರಿ ಕಿತ್ತು ತಂದು ತಮ್ಮ ಗರಿಯ ಜೊತೆ ಸೇರಿಸಿದವರು ಗೆದ್ದಂತೆ. ಎದುರಾಳಿಯ ನೆಲಕ್ಕೆ ಹೋದವರನ್ನು ಅಲ್ಲಿಯವರು ಮುಟ್ಟಿದರೋ, ಹೋದವರು ಔಟ್! ಜಾಲಿ ಮರದ ಕೆಳಗೆ ಹೋಗಿ ಕೂರಬೇಕು.

ಮೂರು ವರ್ಷದಿಂದ ಕೆಂಚಿಯ ತಂಡ ಸೋಲುತ್ತಲೇ ಇತ್ತು. ಮೊಲ, ಅಳಿಲು, ಮುಳ್ಳುಹಂದಿ, ಮುದಿ ಉಡ ಬಂಡೆಪ್ಪಜ್ಜ, ಎಲ್ಲ ಸಣ್ಣಪುಟ್ಟ ಜೀವಗಳೇ. ಎದುರಿಗೆ ಕರಡಿ ಕರಿಯಕ್ಕನ ತಂಡ. ಅದರಲ್ಲಿ ಕಾಡುಹಂದಿ, ಜಿಂಕೆ, ಮುಸುವ ಎಲ್ಲರೂ ಇದ್ದರು. ಈ ಸಲ ಕೆಂಚಿಗೆ ಮೂರು ಮರಿಗಳು ಬೇರೆ. ಕಣ್ಣು ಬಿಟ್ಟು ನಾಲ್ಕೇ ದಿನವಾಗಿತ್ತು. ಕಾದ ಬಂಡೆಯ ಮೇಲೆ ಅವು ಹೇಗೆ ತಡೆದಾವು?

ಆಟದ ದಿನ ಬೆಳಿಗ್ಗೆ ನರಿ ಸೋಗಯ್ಯ ಕುಂಟುತ್ತ ಬಂದ. ಕಾಲು ನೋವೆಂದು ಹೇಳಿ ಅವನು ಯಾವ ತಂಡಕ್ಕೂ ಸೇರಿರಲಿಲ್ಲ.

“ಕೆಂಚವ್ವಾ, ಒಂದು ಗುಟ್ಟು. ಯಾರ ಹತ್ರಾನೂ ಬಾಯಿ ಬಿಡಬೇಡ,” ಎಂದ. “ಕರಿಯಕ್ಕ ತನ್ನೋರನ್ನೆಲ್ಲ ಒಣಹಳ್ಳದ ದಾರೀಲಿ ನುಗ್ಗಿಸ್ತಾಳಂತೆ. ನೀವೆಲ್ಲ ಈಚೆ ದಡದ ಪೊದೇಲಿ ಅಡಗಿಕೊಳ್ಳಿ. ಹಳ್ಳ ದಾಟಿದೋರನ್ನ ಮುಟ್ಟಿಬಿಡಿ. ಆಮೇಲೆ ಅವರ ಕೋಟೇಲಿ ಕೇಳೋರೇ ಇರಲ್ಲ!”

“ನಮ್ಮ ಮೇಲೆ ನಿನಗೇನಪ್ಪ ಇಷ್ಟು ಅಕ್ಕರೆ?”

“ಮೂರು ವರ್ಷ ನೀವು ಬಿಸಿಲಲ್ಲಿ ಬೆಂದಿದ್ದು ನೋಡಿ ಕರುಳು ಚುರುಕ್ ಅಂತು ಕಣವ್ವ.”

ಕೆಂಚಿ ತಡಮಾಡದೆ ತನ್ನ ತಂಡದ ಕಡೆ ಓಡಿದಳು. “ಎಲ್ಲರೂ ಹಳ್ಳಕ್ಕೆ!” ಎಂದು ಕೂಗಿದಳು. ಬಂಡೆಪ್ಪಜ್ಜ ಮಾತ್ರ ಅಲುಗಲಿಲ್ಲ.

“ನನ್ನ ಕೈಲಿ ಓಡೋಕಾಗಲ್ಲ ಮಗಳೇ. ಗರಿ ಪಕ್ಕ ಒಬ್ಬನಾದ್ರೂ ಇರ್ತೀನಿ,” ಎಂದ. ಕಲ್ಲುಗಳ ಸಂದಿಯಲ್ಲಿ ಮೈ ಚಾಚಿ ಮಲಗಿದ. ಅಜ್ಜ ಯಾವುದು, ಕಲ್ಲು ಯಾವುದು ಗೊತ್ತಾಗದಂತಾಯಿತು.

ಆಟದ ತೀರ್ಪುಗಾರ ನವಿಲು ಕೇಕೆ ಹಾಕಿತು. ಆಟ ಶುರು!

ಹಳ್ಳದ ಪೊದೆಯಲ್ಲಿ ಕೆಂಚಿ ಉಸಿರು ಬಿಗಿಹಿಡಿದು ಕೂತಳು. ಒಂದು ಎಲೆಯೂ ಅಲ್ಲಾಡಲಿಲ್ಲ. ಇರುವೆಯೊಂದು ಮೂಗಿನ ಮೇಲೆ ಹತ್ತಿ ಇಳಿಯಿತು. ಆದರೂ ಯಾರೂ ಬರಲಿಲ್ಲ. ಇದ್ದಕ್ಕಿದ್ದಂತೆ ಆಚೆ ದಡದ ಪೊದೆಯೊಳಗಿಂದ “ಆಕ್ಷೀ!” ಎಂದು ದೊಡ್ಡ ಸೀನು ಕೇಳಿಸಿತು. ಪೊದೆಗೆ ಪೊದೆಯೇ ನಡುಗಿತು.

“ಕರಿಯಕ್ಕಾ! ಬರೋದಿದ್ರೆ ಬೇಗ ಬಾ. ಕಾದು ಕಾದು ಸಾಕಾಯ್ತು!” ಎಂದು ಕೆಂಚಿ ಕೂಗಿದಳು.

ಕರಡಿ ಪೊದೆಯಿಂದ ತಲೆ ಹೊರಗೆ ಹಾಕಿದಳು. “ನಾನ್ಯಾಕೆ ಬರಲಿ? ಈ ದಾರೀಲಿ ಬರೋರು ನೀವಲ್ವಾ?”

“ನಾವಾ? ಹಾಗಂತ ಯಾರು ಹೇಳಿದ್ದು?”

“ಸೋಗಯ್ಯ!”

“ನನಗೆ ಹೇಳಿದ್ದೂ ಸೋಗಯ್ಯನೇ!”

ಇಬ್ಬರೂ ಕಣ್ಣರಳಿಸಿ ಮುಖ ಮುಖ ನೋಡಿಕೊಂಡರು. ಎರಡು ತಂಡವೂ ಹಳ್ಳದಲ್ಲಿ. ಹಾಗಾದರೆ ಕೋಟೆಗಳ ಹತ್ತಿರ ಯಾರು?

“ಅಯ್ಯೋ, ಗರಿ!” ಎಂದು ಇಬ್ಬರೂ ಒಟ್ಟಿಗೇ ಚೀರಿದರು.

ಆಮೇಲೆ ಓಟವೋ ಓಟ! ಕೆಂಚಿ ಕಲ್ಲಿನಿಂದ ಕಲ್ಲಿಗೆ ನೆಗೆದಳು. ಕೆಂಚಿಯ ಕೋಟೆಯೇ ಹತ್ತಿರವಿದ್ದುದರಿಂದ ಪಕ್ಕದಲ್ಲೇ ಕರಿಯಕ್ಕ ಧಡಧಡನೆ ಬಂದಳು. ದಿಬ್ಬ ಹತ್ತಿ ನೋಡಿದರೆ, ಸೋಗಯ್ಯ ಕೆಂಚಿಯ ಕೋಟೆಯ ಮೇಲೇ ಇದ್ದಾನೆ! ಕಾಲಿನ ಕುಂಟು ಎಲ್ಲಿ ಹೋಯಿತೋ. ಕರಿಯಕ್ಕನ ಗರಿ ಆಗಲೇ ಅವನ ಬಾಯಲ್ಲಿತ್ತು. ಇನ್ನೊಂದು ಗರಿಗೆ ಮುಂಗಾಲು ಚಾಚಿದ್ದ.

ಆಗ ಒಂದು ಕಲ್ಲು ಅಲುಗಿತು. ಅದು ಕಲ್ಲಲ್ಲ, ಬಂಡೆಪ್ಪಜ್ಜ! ಗಬಕ್ಕನೆ ನರಿಯ ಬಾಲ ಕಚ್ಚಿ ಹಿಡಿದ. ಉಡದ ಪಟ್ಟು ಅಂದರೆ ಕೇಳಬೇಕೇ? ಸೋಗಯ್ಯ ಜಗ್ಗಿದ, ಉರುಳಿದ, ಗಿರಗಿರ ತಿರುಗಿದ. ಬಾಯಲ್ಲಿದ್ದ ಗರಿ ಕೋಟೆಯ ಬುಡಕ್ಕೆ ಬಿತ್ತು. ಬಾಲ ಮಾತ್ರ ಬಿಡಿಸಿಕೊಳ್ಳಲಾಗಲಿಲ್ಲ.

“ಬಿಡೋಕೆ ಹೇಳ್ರೀ!” ಎಂದು ಅರಚಿದ. “ಎರಡು ಗರೀನೂ ನನ್ನ ಕೈಗೆ ಬಂದ ಹಾಗೇ. ದೊಣೆಯ ಎರಡು ದಡಾನೂ ನಂದೇ! ಮುಟ್ಟಿದ್ರೆ ಔಟ್ ಅನ್ನೋದು ತಂಡದೋರಿಗೆ. ನಾನು ಯಾವ ತಂಡದವನೂ ಅಲ್ಲ!”

ಕೆಂಚಿ ಏದುಸಿರು ಬಿಡುತ್ತಲೇ ಅವನೆದುರು ನಿಂತಳು.

“ಸರಿಯಾಗಿ ಹೇಳು ಸೋಗಯ್ಯ. ನೀನು ಆಟದಲ್ಲಿ ಇದ್ದೀಯೋ ಇಲ್ವೋ? ಇದ್ದೀಯ ಅಂದ್ರೆ ಅಜ್ಜ ಮುಟ್ಟಿಯಾಯ್ತು, ನೀನು ಔಟ್. ಇಲ್ಲ ಅಂದ್ರೆ ಆಡದೇ ಇದ್ದೋನಿಗೆ ಗೆಲುವು ಎಲ್ಲಿಂದ ಬಂತು?”

ಕರಿಯಕ್ಕ ಕಾಡೇ ನಡುಗುವಂತೆ ನಕ್ಕಳು. ಸೋಗಯ್ಯನ ಕತ್ತು ಹಿಡಿದು ಎತ್ತಿ ಜಾಲಿ ಮರದ ಕೆಳಗೆ ಕೂರಿಸಿದಳು. ಬಂಡೆಪ್ಪಜ್ಜನ ಬಾಯಲ್ಲಿ ಒಂದು ಹಿಡಿ ಕೂದಲು ಉಳಿದಿತ್ತು.

ಅಷ್ಟರಲ್ಲಿ ಮೊಲ ಕೆಂಚಿಯ ಕಿವಿಯಲ್ಲಿ ಪಿಸುಗುಟ್ಟಿತು. “ಅಕ್ಕಾ, ಎರಡು ಗರೀನೂ ನಮ್ಮ ಕೋಟೇಲೇ ಇವೆ! ನಾವು ಗೆದ್ದ ಹಾಗೇ!”

ಕೆಂಚಿ ನೋಡಿದಳು. ನಿಜವೇ. ಮರಿಗಳು ಕಣ್ಣ ಮುಂದೆ ಬಂದವು. ಆದರೂ ಬಿದ್ದಿದ್ದ ಗರಿ ಎತ್ತಿ ಕರಿಯಕ್ಕನ ಕೈಗೆ ಕೊಟ್ಟಳು.

“ತಗೋ ಅಕ್ಕ. ಇದು ಅವನು ಕದ್ದು ತಂದಿದ್ದು, ನಾವು ಗೆದ್ದಿದ್ದಲ್ಲ. ಗೆಲ್ಲೋದಾದ್ರೆ ನಿನ್ನ ಕಣ್ಣೆದುರಿಗೇ ಗೆಲ್ತೀನಿ.”

“ಬಾ ಹಾಗಾದ್ರೆ, ನೋಡೇಬಿಡೋಣ!” ಎಂದಳು ಕರಡಿ.

ನವಿಲು ಮತ್ತೆ ಕೇಕೆ ಹಾಕಿತು. ಮುಳ್ಳುಹಂದಿ ಹಳ್ಳದಲ್ಲಿ ನಿಂತು ಮುಳ್ಳುಗಳನ್ನು ಗಲಗಲ ಆಡಿಸಿತು. ಇಡೀ ತಂಡವೇ ಅಲ್ಲಿದೆ ಎಂದುಕೊಂಡು ಕಾಡುಹಂದಿ, ಜಿಂಕೆ ಅತ್ತ ನುಗ್ಗಿದವು. ಅಳಿಲು ಮರಕ್ಕೆ ಹತ್ತಿ ಮುಸುವನನ್ನು ಕೊಂಬೆಯಿಂದ ಕೊಂಬೆಗೆ ಅಲೆಸಿತು. ಕೆಂಚಿ ಹುಲ್ಲಿನೊಳಗೆ ಸರಸರನೆ ಸರಿದಳು. ಕೋಟೆಯ ಮುಂದೆ ಕರಿಯಕ್ಕ ಒಬ್ಬಳೇ! ಕೆಂಚಿ ನೇರ ಅವಳ ಕಾಲುಗಳ ನಡುವೆಯೇ ನುಸುಳಿದಳು, ಗರಿ ಕಚ್ಚಿದಳು, ಬಾಣದಂತೆ ಹೊರಗೆ ಚಿಮ್ಮಿದಳು. ಕರಡಿಯ ಕೈ ಧಪ್ಪನೆ ಬಿತ್ತು. ಸಿಕ್ಕಿದ್ದು ಬರೀ ಧೂಳು.

ಗರಿಯ ಪಕ್ಕ ಗರಿ ಸೇರಿತು. ಅಳಿಲು ಕಿಚಕಿಚನೆ ಕುಣಿಯಿತು. ಮೊಲ ಪಲ್ಟಿ ಹೊಡೆಯಿತು. “ಭಲೇ ಹುಡುಗಿ!” ಎಂದು ಕರಿಯಕ್ಕ ಕೆಂಚಿಯನ್ನು ಹೆಗಲ ಮೇಲೆ ಕೂರಿಸಿಕೊಂಡಳು.

ಜಾಲಿ ಮರದ ಕೆಳಗಿಂದ ಸಣ್ಣ ದನಿಯೊಂದು ಬಂತು. “ಮುಂದಿನ ವರ್ಷ ನನ್ನನ್ನೂ ಯಾವುದಾದ್ರೂ ತಂಡಕ್ಕೆ ಸೇರಿಸಿಕೊಳ್ತೀರಾ?”

ಕೆಂಚಿ ಕರಿಯಕ್ಕನ ಮುಖ ನೋಡಿದಳು. ಕರಿಯಕ್ಕ ಕೆಂಚಿಯ ಮುಖ ನೋಡಿದಳು. ಕರಡಿ ಅವಳನ್ನು ಹೊತ್ತುಕೊಂಡೇ ಆಲದ ನೆರಳಿನತ್ತ ಹೆಜ್ಜೆ ಹಾಕಿದಳು.

ನೀತಿ: ಎರಡೂ ಕಡೆಯವರಿಗೆ ಸುಳ್ಳು ಹೇಳಿ ಗೆಲ್ಲಲು ಹೊರಟವನನ್ನು ಕೊನೆಗೆ ಯಾರೂ ನಂಬುವುದಿಲ್ಲ. ನೇರವಾಗಿ ಆಡಿ ಗೆದ್ದವರನ್ನು ಸೋತವರೂ ಮೆಚ್ಚುತ್ತಾರೆ.