ಸದ್ದಿಲ್ಲದ ಡಾಜ್

"ನಾಳೆ ಮಗಳ ಮದುವೆ ಮೆರವಣಿಗೆಗೆ ನನ್ನ ಡಾಜ್ ಕಾರೇ ಬೇಕು. ಹೊರಡದಿದ್ದರೆ ನನ್ನ ಜಾಗದಿಂದ ನಿನ್ನ ಶೆಡ್ ಕಿತ್ತುಕೋ," ಎಂದರು ಅಕ್ಕಿ ಗಿರಣಿಯ ಸಾಹುಕಾರ ಮುರಿಗೆಪ್ಪ.

ಕಾರು ರಿಪೇರಿಯ ದಸ್ತಗೀರ ರಾತ್ರಿಯಿಡೀ ಬಾನೆಟ್ಟಿನೊಳಗೆ ತಲೆ ತೂರಿಸಿದ. ಅಮೆರಿಕದ ಆ ಹಳೇ ಎಂಜಿನ್ ಸತ್ತೇ ಹೋಗಿತ್ತು. ಬದಲಿಗೆ ಇಳಿಸಿ ನೋಡಿದ ಜೀಪಿನ ಎಂಜಿನ್ ಕೂರಲಿಲ್ಲ. ಬೇರೆ ಕಡೆ ಶೆಡ್ ಹಾಕಲು ಅವನಿಗೆ ಅಂಗೈಯಗಲ ಜಾಗವೂ ಇರಲಿಲ್ಲ.

ಮರುದಿನ ಎಂಜಿನ್ನೇ ಇಲ್ಲದ ಬಾನೆಟ್ ಮುಚ್ಚಿ, ಹಿಂದಿನ ಗಾಜು ಕಾಣದಂತೆ ಹೂವು ಹೊದಿಸಿ, ಗಂಡಿನ ಕಡೆಯವರ ಕಿವಿಯಲ್ಲಿ ಹೇಳಿದ: "ಮದುಮಕ್ಕಳ ಕಾರನ್ನ ಬೀಗರೇ ನೂಕೋದು ನಮ್ಮೂರ ಪದ್ಧತಿ ರೀ."

ಬ್ಯಾಂಡು ಬಡಿಯಿತು, ಕಾರು ಹೊರಟಿತು. ಮುಂದಿನ ಸೀಟಿನಲ್ಲಿದ್ದ ಸಾಹುಕಾರರು ಬೆರಗಾದರು.

"ಒಂಚೂರೂ ಅಲುಗಾಟ ಇಲ್ಲವಲ್ಲೋ. ಎಂಥ ಎಂಜಿನ್ ಹಾಕಿದೀಯ?"

"ನಿಮ್ಮ ಅಂತಸ್ತಿಗೆ ತಕ್ಕದ್ದು, ಸಾಹುಕಾರ್ರೇ," ಎಂದ ಸ್ಟೇರಿಂಗ್ ಹಿಡಿದ ದಸ್ತಗೀರ.

"ಶೆಡ್ ಅಲ್ಲೇ ಇರಲಿ. ನಾಳೆ ಬೀಗರನ್ನ ಇದರಲ್ಲೇ ಅವರೂರಿಗೆ ಮುಟ್ಟಿಸಿ ಬಾ."

ದಸ್ತಗೀರ ಪಕ್ಕದ ಕನ್ನಡಿ ನೋಡಿದ. ಹಿಂದೆ ಬೀಗರು ಏದುಸಿರು ಬಿಡುತ್ತ ನೂಕುತ್ತಿದ್ದರು. ನಾಳೆ ಅವರೇ ಒಳಗೆ ಕೂತರೆ ನೂಕುವವರು ಯಾರು?