ಸಾರುವೆಯ ಮೇಲಿನ ದೋಸೆ

ಹತ್ತಿರ ಬನ್ನಿ ಮಕ್ಕಳೇ, ಜಗಳ ಆಮೇಲೆ. ಬಿಳಿಗಲ್ಲು ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಅವನಿಗೆ ಗೋಪುರ ಕಟ್ಟಿಸುವ ಹುಚ್ಚು. ಗೋಪುರ ಏಳಬೇಕಾದರೆ ಸುತ್ತಲೂ ಬಿದಿರಿನ ಸಾರುವೆ ಕಟ್ಟಬೇಕು, ಅದರ ಮೇಲೆ ನಿಂತು ಆಳುಗಳು ಕೆಲಸ ಮಾಡಬೇಕು.

ಆ ಸಾರುವೆ ಕಾಯುವವಳು ತಿಬ್ಬಕ್ಕ. ಬಾಯಿ ಜೋರು, ಕಣ್ಣು ಇನ್ನೂ ಜೋರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳೇ ಹತ್ತುವಳು. ಒಂದೊಂದು ಗಂಟನ್ನೂ ಎಳೆದು ನೋಡುವಳು. ತುದಿಯಲ್ಲಿ ಕೂತು, ಅರಮನೆಯಿಂದ ಬಂದ ಬೆಣ್ಣೆ ದೋಸೆ ತಿನ್ನುವಳು. ಅದು ರಾಜನ ಮುತ್ತಾತ ಮಾಡಿದ ಪದ್ಧತಿ. ಕಾಯುವವರು ಮೇಲೆ ಕೂತು ನೆಮ್ಮದಿಯಾಗಿ ದೋಸೆ ತಿಂದರೆ ಸಾರುವೆ ಗಟ್ಟಿ ಅಂತ ಲೆಕ್ಕ. ತಿಂದಾದ ಮೇಲೆ "ಹತ್ತ್ರಪ್ಪೋ!" ಅಂತ ಕೂಗುವಳು. ಆಗ ಆಳುಗಳು ಹತ್ತುವರು. ಗಾರೆ ಹೊರುವವರಲ್ಲಿ ಅವಳ ಒಬ್ಬಳೇ ಮಗಳು ಚೆಲುವಿಯೂ ಇದ್ದಳು.

ಉಗ್ರಾಣದ ಯಜಮಾನ ಬುಕ್ಕಯ್ಯ, ರಾಣಿಯ ತಮ್ಮ. ಬಿಸಿಲೇರುವ ತನಕ ಮಲಗುವ ಮಹಾಶಯ. ಗೋಪುರದ ಕಡೆ ತಲೆ ಹಾಕಿದವನೇ ಅಲ್ಲ. ದೋಸೆಯ ಘಮ ಮಾತ್ರ ದಿನಾ ಮೂಗಿಗೆ ಬಡಿಯುತ್ತಿತ್ತು. ಈ ಮಹಾಶಯ ಹೊಸ ಹಗ್ಗವನ್ನೆಲ್ಲ ಕದ್ದು ಮಾರಿಕೊಂಡ. ಬಾವಿಯ ಹಳೇ ಹಗ್ಗಕ್ಕೆ ಅರಿಸಿನದ ನೀರು ಬಳಿದು ಕೆಲಸಕ್ಕೆ ಕಳಿಸಿದ. ಆಳುಗಳು ಗೋಡೆಯ ಮೇಲೇ ನಿಂತು, ಆ ಹಗ್ಗದಲ್ಲೇ ಹೊಸ ಸಾರುವೆ ಬಿಗಿದರು.

ತಿಬ್ಬಕ್ಕ ಬುಡದ ಗಂಟು ಎಳೆದಳು. ಅಂಗೈ ಹಳದಿಯಾಯಿತು.

"ಇದೇನು ಹಗ್ಗವೋ, ಮದುವಣಗಿತ್ತಿಯೋ? ಒಬ್ಬರೂ ಹತ್ತಬೇಡಿ!"

ಮೊದಲ ದಿನ ಕೆಲಸ ನಿಂತಿತು. ಎರಡನೆಯ ದಿನವೂ ನಿಂತಿತು. ಮೂರನೆಯ ದಿನ ರಾಜನಿಗೆ ಸಿಟ್ಟು ನೆತ್ತಿಗೇರಿತು, ಅವಳನ್ನು ಕರೆಸಿದ.

"ಹಗ್ಗ ಹಳೇದು ಬುದ್ಧಿ," ಅಂದಳು ತಿಬ್ಬಕ್ಕ.

"ಚಿನ್ನದ ಹಾಗೆ ಹೊಳೀತಿದೆ ಭಾವ!" ಅಂದ ಬುಕ್ಕಯ್ಯ. "ಇಷ್ಟು ವರ್ಷದಲ್ಲಿ ಮೇಲಿಂದ ಯಾರಾದರೂ ಬಿದ್ದಿದ್ದಾರಾ? ಒಬ್ಬರೂ ಇಲ್ಲ. ಯಾರೂ ಬೀಳದ ಮೇಲೆ ಕಾಯೋದು ಏನನ್ನ? ಇವಳಿಗೆ ಬಿಟ್ಟಿ ದೋಸೆ ಯಾಕೆ? ಆ ಕೆಲಸ ನನಗೆ ಕೊಡು."

ರಾಜನಿಗೆ ಹೌದೆನ್ನಿಸಿತು. ಕೆಲಸ ಬುಕ್ಕಯ್ಯನ ಪಾಲಾಯಿತು. ತಿಬ್ಬಕ್ಕನಿಗೆ ಮಗಳ ಚಿಂತೆ ಹತ್ತಿತು. ನಾಳೆ ಚೆಲುವಿ ಹತ್ತುವುದು ಆ ಹಗ್ಗ ನಂಬಿಕೊಂಡೇ ತಾನೇ? ಆದರೂ ಧೈರ್ಯ ತಂದುಕೊಂಡು ಅಂದಳು: "ಆಗಲಿ ಬುದ್ಧಿ. ಮುತ್ತಾತನ ಪದ್ಧತಿ ಮಾತ್ರ ಒಂದಿಷ್ಟೂ ತಪ್ಪಬಾರದು."

"ತಪ್ಪೋದೇ ಇಲ್ಲ!" ಅಂದ ಬುಕ್ಕಯ್ಯ. ಆಗಲೇ ಬಾಯಲ್ಲಿ ನೀರೂರಿತ್ತು.

ಬೆಳಗಾಯಿತು. ರಾಜನೂ ಬಂದ. ಬುಕ್ಕಯ್ಯ ಬಾಳೆಲೆ ಹಿಡಿದುಕೊಂಡೇ ಬಂದ. ನೋಡಿದರೆ, ತಿಬ್ಬಕ್ಕ ಗೋಡೆಯ ಮೇಲಿಂದ ಇಡಿಸಿದ ದೋಸೆಯ ಬುಟ್ಟಿ ಸಾರುವೆಯ ತುದಿಯಲ್ಲಿ!

"ಹತ್ತಿ ಸ್ವಾಮಿ, ಅಲ್ಲೇ ಕೂತು ತಿನ್ನಬೇಕು," ಅಂದಳು ತಿಬ್ಬಕ್ಕ.

ಬುಕ್ಕಯ್ಯನ ಮುಖ ಇದ್ದಿಲಾಯಿತು. "ನನಗೆ ಮಂಡಿ ನೋವು," ಅಂದ. ನಾವು ಹೊತ್ತುಕೊಂಡು ಹೋಗುತ್ತೇವೆ ಅಂದರು ಆಳುಗಳು. "ತಲೆ ಸುತ್ತುತ್ತೆ," ಅಂದ. ಕಣ್ಣಿಗೆ ಬಟ್ಟೆ ಕಟ್ಟುತ್ತೇವೆ ಅಂದರು. "ಇವತ್ತು ನನಗೆ ಉಪವಾಸ," ಅಂದ. ಕೈಯಲ್ಲಿ ಬಾಳೆಲೆ ಹಾಗೇ ಇತ್ತು! ಎಲ್ಲರೂ ಗೊಳ್ಳೆಂದು ನಕ್ಕರು.

ರಾಜನಿಗೆ ಬೇಸರ ಬಂತು. "ದೋಸೆ ಆರಿ ಹೋಗುತ್ತೆ. ಸರಿ ಆ ಕಡೆ, ನಾನೇ ಹತ್ತುತ್ತೇನೆ." ಕಚ್ಚೆ ಬಿಗಿದು, ಮೊದಲ ಬಿದಿರಿನ ಮೇಲೆ ಕಾಲಿಟ್ಟ.

"ಬೇಡ ಭಾವಾ! ಹಗ್ಗ ಲಡ್ಡು, ಕಿತ್ತು ಹೋಗುತ್ತೆ!" ಬುಕ್ಕಯ್ಯ ಕಿರುಚಿ ರಾಜನ ಕಾಲು ಹಿಡಿದುಕೊಂಡ.

ತಿಬ್ಬಕ್ಕ ಮಗಳ ಕೈ ಹಿಡಿದುಕೊಂಡು ಮುಂದೆ ಬಂದಳು. "ಭಾವನ ಕಾಲಿಗೆ ಬೇಡವಾದ ಹಗ್ಗ ನನ್ನ ಮಗಳ ಕಾಲಿಗೆ ಸಾಕಾಗಿತ್ತಾ, ಬುಕ್ಕಯ್ಯ?"

ರಾಜನಿಗೆ ನಾಚಿಕೆಯಾಯಿತು. "ತಪ್ಪಾಯಿತು ತಾಯಿ," ಅಂದ. ಅವಳ ಕೆಲಸ ಅವಳಿಗೇ ಬಂತು. ಬುಕ್ಕಯ್ಯ ನಾರು ಹೊಸೆಯಲು ಕೂತ. ಅವನು ಹೊಸೆದ ಹಗ್ಗದಿಂದ ಕಟ್ಟಿದ ಸಾರುವೆಗೆ ತಿಬ್ಬಕ್ಕನ ಜೊತೆ ಅವನೂ ಮೊದಲು ಹತ್ತಬೇಕು ಅಂತ ಆಜ್ಞೆಯಾಯಿತು. ನೋಡಿ ಮಕ್ಕಳೇ, ಆಮೇಲೆ ಅವನಷ್ಟು ಬಿಗಿಯಾಗಿ ಹಗ್ಗ ಹೊಸೆಯುವವರು ಆ ರಾಜ್ಯದಲ್ಲೇ ಇರಲಿಲ್ಲ! ಗೋಪುರ ಎದ್ದಿತು. ಹತ್ತಿದವರೆಲ್ಲ ಸಂಜೆಗೆ ಮನೆಗೆ ಬಂದು ಉಂಡರು.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಬಾರದು. ಎಲ್ಲಿ ಏನೂ ಕೇಡಾಗುತ್ತಿಲ್ಲವೋ, ಅಲ್ಲಿ ಯಾರೋ ಕಣ್ಣಿಟ್ಟು ಕಾಯುತ್ತಿದ್ದಾರೆ ಅಂತ ತಿಳಿಯಬೇಕು. ನೀತಿ ಇಷ್ಟೇ, ನಿಮ್ಮ ಸೆರಗಿಗೆ ಕಟ್ಟಿಕೊಂಡು ಹೋಗಿ.